ಮೂರು ಟಗರು, ಒಂದು ಗೇಮ್ ಡಬ್ಬ

ನನ್ನ ಕಾರು ಎಡಕ್ಕೆ ಎಳೆಯುತ್ತಿತ್ತು. ನೇರ ರಸ್ತೆಯಲ್ಲಿ ಸುಮ್ಮನೆ ಬಿಟ್ಟರೂ ಎಡಗಡೆಯ ಗೋಡೆಗೆ ಹೋಗಿ ಮೈ ತಿಕ್ಕುತ್ತಿತ್ತು, ಕಜ್ಜಿ ಹತ್ತಿದ ಎಮ್ಮೆಯ ಹಾಗೆ. ಬಲಕ್ಕೆ ಎಳೆದು ಎಳೆದು ನನ್ನ ಹೆಬ್ಬೆರಳು ಊದಿಕೊಂಡಿತ್ತು. ಲೈನ್ ಮನೆಯ ಮುದುಕಿಗೆ ಕಾರು ಎಲ್ಲಿಂದ ಬಂತು ಅಂತ ಹುಬ್ಬು ಏರಿಸಬೇಡಿ. ಅದು ಟಿ.ವಿ.ಯೊಳಗಿನ ಕಾರು. ಚಿನ್ನದ ಗಣಿಯ ಕೂಲಿಯವರಿಗೆ ಸಾಲಾಗಿ ಕಟ್ಟಿದ ನಂದಿದುರ್ಗದ ಲೈನಿನಲ್ಲಿ, ತಗಡಿನ ಸೂರಿನ ಕೆಳಗೆ, ಚಾಪೆಯ ಮೇಲೆ ಕಾಲು ಚಾಚಿ ಕೂತು ನಾನು ಓಡಿಸುವ ಕಾರು. ನನಗೆ ಎಪ್ಪತ್ತು ದಾಟಿದೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ನನ್ನ ಮೊಮ್ಮಗಳು ಭವಾನಿ ಆಂಡರ್ಸನ್‌ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನಾಲ್ಕು ವರ್ಷದ ಹಿಂದೆ, ಯಾರೋ ಅಂಗಡಿಗೆ ಹಾಕಿಹೋದ ಹಳೇ ಗೇಮ್ ಡಬ್ಬವೊಂದನ್ನು ಮನೆಗೆ ತಂದಳು. ಕರೀ ಬಣ್ಣ, ಚಪಾತಿ ಮಣೆಯಷ್ಟು ಅಗಲ. ಅದರ ಜೊತೆಗೆ ಎರಡು ರಿಮೋಟು. ಹದಿನೈದು ದಿನ ಆಡಿದಳು, ಬೇಜಾರಾಗಿ ಮತ್ತೆ ಫೋನು ಹಿಡಿದಳು. ಡಬ್ಬ ಟಿ.ವಿ.ಯ ಕೆಳಗೆ ಕೂತು ಧೂಳು ತಿಂದಿತು. ನಮ್ಮ ಕಡೆಯ ಧೂಳು ಸಾಮಾನ್ಯದ್ದಲ್ಲ. ಗಣಿಯ ಪುಡಿ ಸುರಿದು ಬೆಳೆದ ಸೈನೈಡ್ ದಿಬ್ಬದ ಮೇಲಿಂದ ಗಾಳಿ ಎದ್ದರೆ ಮುಚ್ಚಿಟ್ಟ ಅನ್ನದೊಳಗೂ ಹೋಗಿ ಕೂರುತ್ತದೆ. ಒಂದು ಬೆಳಿಗ್ಗೆ ಟಿ.ವಿ. ಹಾಕಿಕೊಂಡು ಸೆರಗಿನಲ್ಲಿ ಅದನ್ನು ಒರೆಸುತ್ತಿದ್ದೆ. ಕೈ ಎಲ್ಲಿ ತಾಗಿತೋ, ಡಬ್ಬ ಟಿಣ್ ಅಂತು. ಪರದೆಯ ಮೇಲೆ ಒಂದು ಕೆಂಪು ಕಾರು ಬಾಡಿಗೆಗೆ ಬಂದ ಹಾಗೆ ನಿಂತಿತ್ತು.

ಸಂಜೆ ಭವಾನಿ ಬರುವವರೆಗೆ ಕಾದು, "ಇದನ್ನ ಎಂಗೆ ಓಡಿಸ್ತಾರೆ, ಏಳೇ" ಅಂದೆ.

"ಯಾರು, ನೀನಾ ಅಜ್ಜಿ?"

"ಇನ್ಯಾರು, ಬೀದಿ ನಾಯೀನಾ?"

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ, ಇಂಗ್ಲಿಷು ಬಾರದು. ಅದರಿಂದ ಏನೂ ತೊಂದರೆಯಾಗಲಿಲ್ಲ. ರಿಮೋಟಿನ ಗುಂಡಿಗಳ ಮೇಲೆ ಇರುವುದು ಬರೀ ಗುರುತು. ದುಂಡಗಿರುವುದು ವಡೆ. ಚೌಕ ಇಟ್ಟಿಗೆ. ಮೂರು ಮೂಲೆಯದು ಸಮೋಸ. ಇನ್ನೊಂದು ಇಂಟು. ಇಂಟು ಒತ್ತಿದರೆ ಓಡುತ್ತದೆ, ಇಟ್ಟಿಗೆ ಒತ್ತಿದರೆ ನಿಲ್ಲುತ್ತದೆ. ಬ್ಯಾಂಕಿನ ಫಾರಮ್ಮಿಗಿಂತ ಇದು ಸಾವಿರ ಪಾಲು ಸಲೀಸು. ಮೊದಲ ದಿನ ನಲವತ್ತು ಸಲ ಗುದ್ದಿದೆ. ಎರಡನೇ ದಿನ ಮೂವತ್ತು. ವಾರ ಕಳೆಯುವಷ್ಟರಲ್ಲಿ ಒಂದು ಸುತ್ತು ಪೂರ್ತಿ ಬಂದೆ, ಕೊನೆಯವಳಾಗಿ.

ಇದರಲ್ಲಿ ಅಂಥದ್ದೇನಿದೆ ಅಂತ ನನ್ನ ಮಗಳು ಸರಸು ಕೇಳುತ್ತಲೇ ಇರುತ್ತಾಳೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನನ್ನ ತವರು ಬಂಗಾರಪೇಟೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿ. ನಮ್ಮಪ್ಪನಿಗೆ ಒಂದು ಒಂಟೆತ್ತಿನ ಗಾಡಿಯಿತ್ತು. ಹುಣಸೆಹಣ್ಣಿನ ಕಾಲದಲ್ಲಿ ಮೂಟೆ ಹೇರಿಕೊಂಡು ಪೇಟೆಗೆ ಹೋಗುವುದು. ನನ್ನ ತಮ್ಮ ಮುನಿಯಪ್ಪನಿಗೆ ಐದು ವರ್ಷ, ಮೂಗಿನಲ್ಲಿ ಸಿಂಬಳ ಸುರಿಯುತ್ತಿತ್ತು. ಅವನು ಮುಂದೆ ಕೂತು ಹಗ್ಗ ಹಿಡಿಯುತ್ತಿದ್ದ. ನನಗೆ ಎಂಟು. ನಾನು ಹಿಂದೆ, ಮೂಟೆಗೆ ಒರಗಿ, ಕಾಲು ಇಳಿಬಿಟ್ಟುಕೊಂಡು. "ಎಣ್ಣು ಮುಂದೆ ಕೂತ್ರೆ ಎತ್ತು ಬೆದರ್ತದೆ" ಅನ್ನುತ್ತಿದ್ದ ನಮ್ಮಪ್ಪ. ಗಾಡಿಯ ಹಿಂದೆ ಕೂತವಳಿಗೆ ಆಗಲೇ ದಾಟಿದ ರಸ್ತೆ ಕಾಣುತ್ತದೆ, ಗಾಡಿ ಎಬ್ಬಿಸಿದ ಧೂಳು ಕಾಣುತ್ತದೆ, ಅಟ್ಟಿಸಿಕೊಂಡು ಬರುವ ನಾಯಿ ಕಾಣುತ್ತದೆ. ಮದುವೆಯಾಗಿ ಈ ಕಡೆ ಬಂದಾಗ ರೈಲಿನಲ್ಲೂ ನನಗೆ ಸಿಕ್ಕಿದ್ದು ಬೆನ್ನು ಮುಂದಾಗಿ ಕೂರುವ ಸೀಟು. ಮುಂದಿನ ರಸ್ತೆಯನ್ನು ನಾನು ಎಲ್ಲರಿಗಿಂತ ಮೊದಲು ನೋಡಿದ್ದು ಆ ಡಬ್ಬದಲ್ಲಿ. ಅಯ್ಯೋ ಪಾಪ ಅನ್ನಿಸಿಕೊಳ್ಳಲು ಹೇಳಿದ್ದಲ್ಲ ಇದು. ಇದ್ದದ್ದನ್ನು ಹೇಳಿದೆ, ಅಷ್ಟೆ.

ಆಟ ಕಲಿತ ಹೊಸದರಲ್ಲಿ ಒಂದು ಎಡವಟ್ಟು ಮಾಡಿದ್ದೆ. ಇಡೀ ಲೈನು ಈಗಲೂ ಅದನ್ನು ಹೇಳಿಕೊಂಡು ನಗುತ್ತದೆ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ನೆಲದೊಳಗೆ ಬಂಡೆ ಸಿಡಿಯುತ್ತಿತ್ತು. ನಾವು ಬ್ಲಾಸ್ಟು ಅನ್ನುತ್ತಿದ್ದೆವು. ಅದು ಬರುವ ಮೊದಲು ಅಂಗೈಗೆ, ಅಂಗಾಲಿಗೆ ಒಂದು ನಡುಕ ತಾಗುತ್ತಿತ್ತು. ಆಮೇಲೆ ಅಟ್ಟದ ಪಾತ್ರೆಗಳೆಲ್ಲ ಕೆಳಗೆ. ಅದಕ್ಕೇ ನಮ್ಮ ಲೈನಿನ ಹಳೇ ಹೆಂಗಸರು ಇವತ್ತಿಗೂ ಕೊಡದ ಮೇಲೆ ಕೊಡ ಇಡುವುದಿಲ್ಲ. ನಡುಕ ಬಂದ ತಕ್ಷಣ ಒಲೆಯ ಮೇಲಿನದನ್ನು ಬಿಟ್ಟು, ಕೈಗೆ ಸಿಕ್ಕ ಮಗುವನ್ನು ಎತ್ತಿಕೊಂಡು ಬಯಲಿಗೆ ಓಡುವುದು. ಅಲ್ಲಿಂದ ಗಣಿಯ ಬಾಯಿಗೆ. ಯಾರ ಗಂಡ ಆ ಪಾಳಿಯಲ್ಲಿ ಇಳಿದಿದ್ದಾನೋ ಅವಳು ಮುಂದೆ, ಉಳಿದವರು ಹಿಂದೆ.

ಈಗ ಡಬ್ಬದ ವಿಷಯಕ್ಕೆ ಬನ್ನಿ. ಕಾರು ಗುದ್ದಿದರೆ ರಿಮೋಟು ನಡುಗುತ್ತದೆ ಅಂತ ಭವಾನಿ ನನಗೆ ಹೇಳಿರಲಿಲ್ಲ. ಮೊದಮೊದಲು ಅವಳೇ ಅದನ್ನು ಬಂದ್ ಮಾಡಿಟ್ಟಿದ್ದಳಂತೆ, ಆಮೇಲೆ ಯಾವತ್ತೋ ಆನ್ ಆಗಿಬಿಟ್ಟಿತ್ತು. ಒಂದು ಮಧ್ಯಾಹ್ನ ಗೋಡೆಗೆ ಗುದ್ದಿದೆ. ಅಂಗೈಯಲ್ಲಿ ಗುರ್ ಅಂತ ನಡುಕ. ನನ್ನ ತಲೆ ಆಗ ಏನು ಹೇಳಿತೋ ಗೊತ್ತಿಲ್ಲ, ಕಾಲು ಮಾತ್ರ ಕೇಳಲಿಲ್ಲ. ರಿಮೋಟು ಎಸೆದು, "ಬ್ಲಾಸ್ಟು! ಬ್ಲಾಸ್ಟು!" ಅಂತ ಕೂಗುತ್ತ ಬೀದಿಗೆ ಓಡಿದೆ. ಪಕ್ಕದ ಮನೆಯ ಕನ್ನಿಯಮ್ಮ ಮೀನು ಸಾರಿನ ಸೌಟು ಹಿಡಿದೇ ಓಡಿಬಂದಳು. ಎದುರು ಸಾಲಿನಿಂದ ಮೂವರು ಮುದುಕಿಯರು ಬಂದರು. ಒಬ್ಬಳು ಎರಡು ವರ್ಷದಿಂದ ಕೋಲು ಇಲ್ಲದೆ ನಡೆದವಳಲ್ಲ, ಕೋಲು ಇಲ್ಲದೆ ಬಂದಿದ್ದಳು. ಬಯಲಲ್ಲಿ ನಿಂತು ಎಲ್ಲರೂ ಗಣಿಯ ಕಡೆ ತಿರುಗಿದೆವು.

"ಯಾವ ಶಿಫ್ಟು?" ಅಂದಳು ಕನ್ನಿಯಮ್ಮ.

ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಲ್ಲಿ ನಿಂತಿದ್ದ ಐವರಲ್ಲಿ ಒಬ್ಬಳಿಗೂ ಗಂಡ ಉಳಿದಿರಲಿಲ್ಲ.

"ಏನ್ ನಾರಾಯಣಮ್ಮಾ, ಎಲ್ಲಿ ಬ್ಲಾಸ್ಟು?"

"ಟಿ.ವಿ.ಲಿ" ಅಂದೆ.

ಸೌಟಿನಿಂದ ಹೊಡೆಯಲು ಬಂದಳು. ಮೀನು ಸಾರು ನನ್ನ ರವಿಕೆಯ ಮೇಲೆ ಚೆಲ್ಲಿ, ಆ ವಾಸನೆ ಮೂರು ಒಗೆತಕ್ಕೂ ಹೋಗಲಿಲ್ಲ.

ಇಂಥ ಕಥೆಗಳನ್ನು ಕೇಳಲು ಈಗ ಕ್ಯಾಮೆರಾ ಹಿಡಿದವರು ಬರುತ್ತಾರೆ. ಗಣಿಯ ಬಾಯಿಯ ಮೇಲಿನ ತುಕ್ಕು ಹಿಡಿದ ಕಬ್ಬಿಣದ ಗೋಪುರದ ಮುಂದೆ ನಮ್ಮಂಥವರನ್ನು ನಿಲ್ಲಿಸಿ, "ಹಳೇ ದಿನ ನೆನಪಾಗುತ್ತಾ ಅಜ್ಜಿ?" ಅನ್ನುತ್ತಾರೆ. ನಾವು ಕಣ್ಣು ಒರೆಸಿಕೊಳ್ಳಲಿ ಅಂತ ಕಾಯುತ್ತಾರೆ. ನಾನು ಒಂದು ಸಲ, "ಗುಜರಿಯೋನು ಬಂದ್ರೆ ಏಳಿ, ತೂಕಕ್ಕೆ ಆಕ್ಬುಡಾನ" ಅಂದೆ. ಆಮೇಲೆ ನನ್ನನ್ನು ಕರೆಯುವುದು ಬಿಟ್ಟರು. ಹಳೆಯದಕ್ಕೆ ಕೈಮುಗಿಯುವ ಚಾಳಿ ನನಗಿಲ್ಲ. ನಮ್ಮ ಮಾವನಿಗಿತ್ತು. ಗಣಿಗೆ ತಲೆಯ ಮೇಲೆ ಕಟ್ಟುವ ಬ್ಯಾಟರಿ ದೀಪ ಬಂದಾಗ ಆತ ಹಳೇ ಕಾರ್ಬೈಡ್ ದೀಪವನ್ನೇ ಹಿಡಿದು ಕೂತ. "ಬೆಂಕಿ ಇದ್ರೆ ದೇವ್ರಿದ್ದಂಗೆ" ಅಂತಿದ್ದ. ಒಂದು ದಿನ ಬಗ್ಗಿ ಊದಲು ಹೋಗಿ ಎರಡೂ ಹುಬ್ಬು ಸುಟ್ಟುಕೊಂಡು ಬಂದ. ಮತ್ತೆ ಬೆಳೆಯಲಿಲ್ಲ. ಸಾಯುವವರೆಗೂ ಆತನ ಮುಖ ಯಾವಾಗಲೂ ಏನೋ ಆಶ್ಚರ್ಯವಾದವನ ಹಾಗೆಯೇ ಇತ್ತು.

ಹೋದ ವರ್ಷ ನನಗೆ ಕಣ್ಣಿನ ಪೊರೆ ತೆಗೆದರು. ಬಂಗಾರಪೇಟೆಯಲ್ಲಿ ಬಿಟ್ಟಿ ಕ್ಯಾಂಪು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ನೋಡುತ್ತೇನೆ, ಗೋಡೆಯ ತುಂಬ ಹಲ್ಲಿಯ ಕಕ್ಕ. ಸರಸು ಇಷ್ಟು ದಿನ ಗುಡಿಸಿದ್ದು ಮನೆಯ ನಡುಭಾಗ ಮಾತ್ರ ಅಂತ ಆಗ ತಿಳಿಯಿತು. ಆಮೇಲೆ ಡಬ್ಬ ಹಾಕಿದೆ. ಹಾಕಿ, ಹಾಗೇ ಕೂತೆ.

ಪೊರೆ ಇದ್ದಾಗ ಅದು ಚೆಂದದ ಲೋಕವಾಗಿತ್ತು. ಈಗ ನೋಡಿದರೆ ರಸ್ತೆಯೆಲ್ಲ ಚೌಕ ಚೌಕ, ತೇಪೆ ಹಾಕಿದ ಕೌದಿಯ ಹಾಗೆ. ಮರ ಮರವಲ್ಲ, ಹಸಿರು ಬಣ್ಣ ಬಳಿದ ತಗಡು. ಎದುರಿನಿಂದ ನೋಡಿದರೆ ಮರ, ಪಕ್ಕದಿಂದ ನೋಡಿದರೆ ಒಂದು ಗೀಟು. ರಸ್ತೆಯ ಪಕ್ಕ ನಿಂತು ಕೈ ಬೀಸುವ ಜನರಿಗೆಲ್ಲ ಒಂದೇ ಮುಖ, ಒಂದೇ ಕೆಂಪು ಅಂಗಿ. ಒಬ್ಬನೇ ನೂರು ಸಲ ಹುಟ್ಟಿದ ಹಾಗೆ. ಮೂರು ವರ್ಷ ನಾನು ಇವನಿಗೆ ವಾಪಸ್ ಕೈ ಬೀಸಿದ್ದೆ. ನಾಚಿಕೆಯಾಯಿತು. ಅದರ ಮೇಲೆ ಕಾರು ಎಡಕ್ಕೆ ಎಳೆಯುವ ರೋಗ ಬೇರೆ ಶುರುವಾಯಿತು.

ಒಂದು ದಿನ ಭವಾನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದೆ. ಅಲ್ಲಿ ಒಂದು ದೊಡ್ಡ ಟಿ.ವಿ.ಗೆ ಹೊಸ ಗೇಮ್ ಡಬ್ಬ ಹಾಕಿಟ್ಟಿದ್ದರು. ಮಳೆ ಬರುತ್ತಿತ್ತು. ಕಾರಿನ ಮುಂದಿನ ಗಾಜಿನ ಮೇಲೆ ಹನಿ ಬಿದ್ದು, ಗಾಳಿಗೆ ಓರೆಯಾಗಿ ಜಾರಿ ಹೋಗುತ್ತಿತ್ತು. ರಸ್ತೆಯ ಪಕ್ಕದಲ್ಲೊಂದು ಮರ. ಯಾವ ದೇಶದ್ದೋ, ನಮ್ಮ ಕಡೆಯದ್ದಲ್ಲ. ಆದರೆ ಎಲೆ ಎಲೆಯಾಗಿ ಅಲುಗಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಂಗಡಿಯವನು ಒಂದು ಸ್ಟೂಲು ಕೊಟ್ಟ. ಆಮೇಲೆ ಟೀ ಕೊಟ್ಟ. ಆಮೇಲೆ ಭವಾನಿಯನ್ನು ಕರೆದು, "ನಿಮ್ಮಜ್ಜೀನ ಮನೆಗೆ ಕಳಿಸು" ಅಂದ.

"ಆ ಡಬ್ಬ ನಂಗೆ ಬೇಕು" ಅಂದೆ ಆ ರಾತ್ರಿ ಊಟಕ್ಕೆ ಕೂತಾಗ.

ಸರಸು ಮುದ್ದೆ ಮುರಿಯುವುದು ನಿಲ್ಲಿಸಿದಳು. "ಕಣ್ ಮಾಡಿಸಿದ್ದು ಅಕ್ಕಿ ಆರಿಸ್ಲಿ ಅಂತ. ಆಟ ಆಡ್ಲಿ ಅಂತಲ್ಲ."

"ಅಕ್ಕೀನೂ ಆರಿಸ್ತೀನಿ. ನೀನು ಬಿಟ್ಟಿರೋ ಹಲ್ಲಿ ಕಕ್ಕಾನೂ ಕೆರೀತೀನಿ. ಡಬ್ಬ ಬೇಕು."

"ಇನ್ನೆಷ್ಟು ವರ್ಷ ಅಂತ ಆಡ್ತೀಯಮ್ಮಾ?"

ಎಲ್ಲರೂ ಇದನ್ನೇ ಕೇಳುತ್ತಾರೆ, ಏನೋ ದೊಡ್ಡ ಬುದ್ಧಿ ಮಾತಿನ ಹಾಗೆ. ನೀವೇ ಹೇಳಿ. ಮುಂದೆ ಐವತ್ತು ವರ್ಷ ಇರುವ ಭವಾನಿ ಇನ್ನೊಂದಷ್ಟು ದಿನ ಕಾಯಲಿ, ನಡೆಯುತ್ತದೆ. ಇನ್ನು ನಾಲ್ಕೋ ಐದೋ ವರ್ಷ ಹೆಬ್ಬೆರಳು ಮಾತು ಕೇಳುವ ನನಗೆ ತಗಡಿನ ಮರ ಯಾಕೆ? ಕಡಿಮೆ ಉಳಿದವರಿಗೆ ಒಳ್ಳೆಯದು ಸಿಗಬೇಕು. ಸಾರಿನ ತಳದಲ್ಲಿ ಉಳಿದದ್ದೇ ಗಟ್ಟಿ ಅಲ್ಲವೇ?

"ಯಾವ ದುಡ್ಡಲ್ಲಿ ತಗೊಂತೀಯ?" ಅಂದಳು ಭವಾನಿ.

"ಟಗರು ಮಾರ್ತೀನಿ."

ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಮುದ್ದೆ ತಣ್ಣಗಾಯಿತು.

ಆ ಟಗರುಗಳ ವಿಷಯ ಹೇಳದಿದ್ದರೆ ಅವರು ಯಾಕೆ ಹಾಗೆ ನೋಡಿದರು ಅಂತ ನಿಮಗೆ ತಿಳಿಯುವುದಿಲ್ಲ. ನನ್ನ ಗಂಡ ಗಣಿಯ ಧೂಳು ಎದೆಗೆ ಕೂತು ಕೆಮ್ಮಿ ಸತ್ತ. ಹನ್ನೊಂದನೇ ದಿನದ ತಿಥಿಗೆ ಮಾಂಸದೂಟ ಹಾಕಿಸಿದೆ. ಎರಡು ಮರಿ ಸಾಕು ಅಂತ ಅಂದುಕೊಂಡದ್ದು ನನ್ನ ತಪ್ಪು. ಜನ ಹೆಚ್ಚಾದರು. ಕೊನೆಯ ಪಂಕ್ತಿಗೆ ಬರೀ ಸಾರು ಬಂತು, ಸಾರಿನಲ್ಲಿ ಮೂಳೆ ಬಂತು. ನಮ್ಮ ಕಡೆ ಯಾರು ಹೇಗೆ ಬದುಕಿದರು ಅನ್ನುವುದು ಮರೆತುಹೋಗುತ್ತದೆ, ಯಾರ ತಿಥಿಯಲ್ಲಿ ಎಷ್ಟು ತುಂಡು ಬಿತ್ತು ಅನ್ನುವುದು ಮರೆಯುವುದಿಲ್ಲ. ಹತ್ತು ವರ್ಷವಾದ ಮೇಲೂ ನಲ್ಲಿಯ ಹತ್ತಿರ ಒಬ್ಬಳು ಇನ್ನೊಬ್ಬಳಿಗೆ, "ನಾರಾಯಣಮ್ಮನ ಗಂಡನ ತಿಥೀಲಿ ನಮ್ಮೋರಿಗೆ ಮೂಳೆ ಸಿಕ್ತು" ಅಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಅವತ್ತೇ ತೀರ್ಮಾನ ಮಾಡಿದೆ, ನನ್ನ ತಿಥಿಗೆ ಯಾರ ಬಾಯಿಯಲ್ಲೂ ಮಾತು ಬರಬಾರದು, ಮಾಂಸವೇ ತುಂಬಿರಬೇಕು. ಮೂರು ಮರಿ ಕೊಂಡು ತಮ್ಮನ ಮಂದೆಗೆ ಬಿಟ್ಟೆ. ಅವು ಬೆಳೆದು ಟಗರಾದವು. ನಾನು ಸಾಯಲಿಲ್ಲ. ಅವು ಇನ್ನೂ ದಪ್ಪ ಆದವು.

ಮುನಿಯಪ್ಪ ಆ ಭಾನುವಾರ ರೈಲಿನಲ್ಲಿ ಬಂದ. ಪ್ರತಿ ಭಾನುವಾರ ಬರುತ್ತಾನೆ, ಅಕ್ಕನನ್ನು ನೋಡಲು ಅಂತ ಹೇಳುತ್ತಾನೆ, ಬಂದವನೇ ಎರಡನೇ ರಿಮೋಟು ಎಲ್ಲಿ ಅಂತ ಹುಡುಕುತ್ತಾನೆ. ಅವನ ಕಾರು ರಸ್ತೆಯ ಮೇಲೆ ಹೋಗುವುದಿಲ್ಲ. ಅರವತ್ತು ವರ್ಷ ಕುರಿ ಕಾದ ಕೈ, ಹುಲ್ಲು ಕಂಡ ಕಡೆ ಇಳಿದುಬಿಡುತ್ತದೆ. ಆದರೂ ಅಡ್ಡದಾರಿ ಹಿಡಿದು ಎಷ್ಟೋ ಸಲ ನನಗಿಂತ ಮೊದಲು ತಲುಪಿದ್ದಾನೆ.

ಸರಸು ಆಗಲೇ ಫೋನ್ ಮಾಡಿ ಎಲ್ಲ ಊದಿದ್ದಳು. ಅವತ್ತು ಅವನು ರಿಮೋಟು ಮುಟ್ಟಲಿಲ್ಲ.

"ಅಕ್ಕಾ, ಅವು ನಿನ್ನ ತಿಥಿ ಟಗರು ಕಣಕ್ಕಾ."

"ಗೊತ್ತು ಕಣ್ಲಾ. ನಾನೇ ತಂದು ಬಿಟ್ಟಿದ್ದು."

"ಮೂರೊರ್ಷದಿಂದ ಉಳ್ಳಿಕಾಳು ಆಕಿ ಸಾಕಿದೀನಿ. ಅಣೆ ಮೇಲೆ ಬಿಳಿ ಮಚ್ಚೆ ಐತಲ್ಲ, ಅದು ನಾನ್ ಕೂಗಿದ್ರೆ ಬತ್ತದೆ."

"ನಾನ್ ಸತ್ತಾಗ ಕೂಗಿದ್ರೂ ಬತ್ತದೆ. ಕುಯ್ಯೋಕೆ."

"ಅದು ಬ್ಯಾರೆ."

"ಎಂಗ್ಲಾ ಬ್ಯಾರೆ? ಟಗರಿಗೆ ಬ್ಯಾರೇನಾ?"

ಅವನು ತಲೆ ಕೆರೆದುಕೊಂಡ. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿ, "ಅಂಗಾದ್ರೆ ಒಂದಾಟ ಆಡಾನ. ನೀನು ಗೆದ್ರೆ ಮಾರು. ನಾನು ಗೆದ್ರೆ ಟಗರು ನನ್ನ ಅಟ್ಟೀಲೇ ಇರ್ಲಿ" ಅಂದ.

ನೋಡಿ ಇವನ ಬುದ್ಧಿ. ಭವಾನಿ ಕುಣಿದಾಡಿ ರಿಮೋಟುಗಳನ್ನು ತಂದಳು. ಸರಸು ಕೂಡ ಬಾಗಿಲಿಗೆ ಬಂದು ನಿಂತಳು. ಕೈ ನೀಡಿದರೆ ಮುಗಿಯಿತು, ಒಳ್ಳೇ ತಮಾಷೆ. ನಾನು ಕೈ ನೀಡಲಿಲ್ಲ.

"ನನ್ನ ಟಗರು. ನನ್ನ ಸಾವು. ಅದುಕ್ಕೆ ನಾನ್ಯಾಕ್ಲಾ ಪಂದ್ಯ ಕಟ್ಲಿ? ನಿನ್ನ ಮಂದೇಲಿರೋ ನಿನ್ನ ಕುರಿ ಮಾರೋಕೆ ನೀನು ಯಾರ ಜೊತೇಲಾದ್ರೂ ಓಡಿ ಗೆದ್ದು ಬಂದಿದೀಯಾ?"

ಅವನು ಎದ್ದು ಹೋದ. ಊಟ ಮಾಡದೆ ಹೋದದ್ದು ಅದೇ ಮೊದಲು.

ಎರಡು ದಿನ ಬಿಟ್ಟು ನಾನೇ ಅವನ ಹಳ್ಳಿಗೆ ಹೋದೆ. ಬಕ್ರೀದ್ ಹತ್ತಿರ ಬರುತ್ತಿತ್ತು. ಟಗರಿಗೆ ಬೆಲೆ ಬರುವುದು ಆಗಲೇ, ಆಮೇಲೆ ಕೇಳುವವರಿಲ್ಲ. ಹಟ್ಟಿಯ ಮುಂದೆ ಅವನು ಟಗರುಗಳಿಗೆ ನೀರು ಇಡುತ್ತಿದ್ದ. ನನ್ನನ್ನು ನೋಡಿದರೂ ನೋಡದವನ ಹಾಗೆ ಬಕೆಟ್ಟು ತೊಳೆದ. ಒಂದನ್ನೇ ನಾಲ್ಕು ಸಲ ತೊಳೆದ.

"ಟಗರು ಮ್ಯಾಲೆ ಆಸೆಗಲ್ಲ ಅಕ್ಕಾ" ಅಂದ ಕೊನೆಗೆ. "ನಾಳೆ ನಿನ್ನ ತಿಥೀಲಿ ಮತ್ತೆ ಸಾರು ಬಡಿಸಿದ್ರೆ ಜನ ನಿನ್ನ ಅಂತಾರಾ? ನೀನು ಓಗಿರ್ತೀಯ. ನನ್ನಂತಾರೆ. ತವರಿನೋರು ಇದ್ದೂ ಅಕ್ಕನ ಟಗರು ಮಾರಿ ತಿಂದ್ರು ಅಂತಾರೆ. ಸರಸೂನ ಅಂತಾರೆ. ಬೆಂಕಿ ಅಚ್ಚಿ ಓಗೋಳು ನೀನು, ಒಗೆ ಕುಡಿಯೋರು ನಾವು."

ಮುನಿಯಪ್ಪ ಬದುಕಿನಲ್ಲಿ ಸರಿಯಾದ ಮಾತು ಆಡುವುದು ಅಪರೂಪ, ಆಡಿದಾಗ ಬಹಳ ತೊಂದರೆ ಕೊಡುತ್ತದೆ. ಬರಿಗೈಯಲ್ಲಿ ವಾಪಸ್ ಹೊರಟೆ.

ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಯೋಚನೆ ಮಾಡಿದೆ. ನನ್ನ ಗಂಡನಿಗೆ ಕುರಿಯ ಲಿವರು, ನಮ್ಮ ಮಾತಿನಲ್ಲಿ ಈಲಿ, ಅಂದರೆ ಪ್ರಾಣ. ಬದುಕಿದ್ದಾಗ ವರ್ಷಕ್ಕೆ ಎರಡು ಸಲ ಸಿಕ್ಕಿದ್ದರೆ ಹೆಚ್ಚು. ತಿಥಿಯ ದಿನ ಅವನ ಫೋಟೋದ ಮುಂದೆ ಎಲೆ ತುಂಬ ಈಲಿ ಹುರಿದು ಎಡೆ ಇಟ್ಟೆವು. ಫೋಟೋ ತಿನ್ನಲಿಲ್ಲ. ಕಾಗೆ ತಿಂದಿತು. ಜನಕ್ಕೆ ಬೇಕಾದದ್ದು ಮಾಂಸ. ನಾನು ಸತ್ತಿರಬೇಕು ಅನ್ನುವುದು ಅವರಿಗೆ ಮುಖ್ಯವೇ? ಬಾಯಿಗಳು ಈಗಲೂ ಇವೆ. ಟಗರುಗಳು ಈಗಲೂ ಇವೆ. ಇನ್ನೂ ಬಂದಿಲ್ಲದ್ದು ನನ್ನ ಸಾವು ಒಂದೇ. ಅದೊಂದು ಬರಲಿಲ್ಲ ಅಂತ ಇಷ್ಟು ಜನ ಕಾಯಬೇಕೇ?

ನಮ್ಮ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಬಂತು. ಹತ್ತಲಿಲ್ಲ. ಆಟೋ ಹಿಡಿದು ಮತ್ತೆ ಹಳ್ಳಿಗೇ ಹೋದೆ.

"ಎರಡು ಮಾರು" ಅಂದೆ ಮುನಿಯಪ್ಪನಿಗೆ. "ಒಂದು ನನ್ನ ತಿಥಿಗೆ."

"ಎರಡು ಮಾರಿದ್ರೆ ತಿಥಿಗೆ ಒಂದು ಸಾಲ್ದಲ್ಲಕ್ಕಾ."

"ನಾನು ಸತ್ರೆ ಊರೆಲ್ಲ ಬತ್ತದೆ, ಸಾಲಲ್ಲ. ನಮ್ಮ ಲೈನಿಗೆ, ನಿನ್ನ ಮನೆಗೆ ಅಂದ್ರೆ ಸಾಲ್ತದೆ. ಬರೋ ತಿಂಗಳು ಮೊದಲ್ನೇ ಭಾನುವಾರ ನನ್ನ ತಿಥಿ. ಬದುಕಿದ್ದಾಗ್ಲೇ ಮಾಡ್ತೀನಿ. ಸತ್ತ ಮ್ಯಾಲೆ ಇನ್ನೊಂದಿಲ್ಲ."

ಅವನು ಹಾಗೇ ನೋಡಿದ. ನನಗೆ ಬಿಸಿಲು ತಾಗಿದೆ ಅಂದುಕೊಂಡು ಕುಡಿಯಲು ನೀರು ಕೊಟ್ಟ. ಕುಡಿದೆ. ಕುಡಿದು ಮತ್ತೆ ಅದನ್ನೇ ಹೇಳಿದೆ. ಅವನು ಯಾವ ಕಡೆಯಿಂದಾದರೂ ಜನ ಮಾತಾಡಲು ಸಂದು ಉಳಿದಿದೆಯೇ ಅಂತ ಹುಡುಕಿದ. ಸಿಗಲಿಲ್ಲ.

"ಮಚ್ಚೇದು ಕುಯ್ಯೋದು ಬ್ಯಾಡಕ್ಕಾ."

"ಮಚ್ಚೇದೇ. ಅದೇ ಕೊಬ್ಬಿರೋದು."

ಎರಡು ಟಗರು ಸಂತೆಗೆ ಹೋದವು, ಒಳ್ಳೇ ಬೆಲೆಗೆ ಹೋದವು. ಹಳೇ ಡಬ್ಬವನ್ನು ಅಂಗಡಿಯವನು ಬದಲಿಗೆ ಹಾಕಿಕೊಂಡ, ಎಡಕ್ಕೆ ಎಳೆಯುವ ರಿಮೋಟಿನ ಸಮೇತ. ಕೊಡುವ ಮೊದಲು ಭವಾನಿ, "ಅಜ್ಜೀ, ಅದರ ಜೊತೆ ಒಂದು ಫೋಟೋ ತೆಗೀತೀನಿ, ನೆನಪಿಗೆ" ಅಂದಳು. "ನೆನಪು ಯಾಕೇ? ಅದರ ಮರಗಳು ನಂಗೆ ಮರೀಬೇಕು" ಅಂದೆ.

ಹೊಸದು ಬಂತು. ಹೇಗಿದೆ ಅಂತ ವರ್ಣಿಸುತ್ತಾ ಕೂರುವುದಿಲ್ಲ. ಜಲ್ಲಿ ರಸ್ತೆಗೆ ಇಳಿದರೆ ಕಲ್ಲು ಕಲ್ಲಾಗಿ ಅಂಗೈಗೆ ತಿಳಿಯುತ್ತದೆ. ರಸ್ತೆಯ ಪಕ್ಕ ನಿಂತವರಿಗೆ ಬೇರೆ ಬೇರೆ ಮುಖ. ಒಬ್ಬಳು ಮುದುಕಿಯೂ ಇದ್ದಾಳೆ, ಕೊಡೆ ಹಿಡಿದವಳು. ಅವಳನ್ನು ಕಂಡರೆ ಈಗ ಕೈ ಬೀಸುತ್ತೇನೆ, ನಾಚಿಕೆಯಿಲ್ಲ.

ಊಟಕ್ಕೆ ಕರೆಯಲು ಲೈನಿನ ಮನೆ ಮನೆಗೂ ನಾನೇ ಹೋದೆ. "ಭಾನುವಾರ ತಿಥಿ ಊಟ, ಬನ್ನಿ" ಅಂದೆ.

ಕನ್ನಿಯಮ್ಮ ಎದೆಗೆ ಕೈಯಿಟ್ಟುಕೊಂಡಳು. "ಐಯೋ, ಯಾರು ಹೋಗಿದ್ದು?"

"ನಾನೇ."

"ಯಾವಾಗ?"

"ಅದು ಗೊತ್ತಿಲ್ಲ. ಊಟ ಮುಂಚೆ."

ಸರಸು ಮೂರು ದಿನ ಅತ್ತಳು. ಬದುಕಿರುವಾಗ ತಿಥಿ ಮಾಡಿದರೆ ಆಯಸ್ಸು ಕಡಿಮೆಯಾಗುತ್ತದೆ ಅಂತ ಅವಳು ಕೆಲಸಕ್ಕೆ ಹೋಗುವ ಅಂಗನವಾಡಿಯಲ್ಲಿ ಯಾರೋ ಹೇಳಿದರಂತೆ. "ಎಪ್ಪತ್ತು ದಾಟಿದೋಳಿಗೆ ಇನ್ನೇನ್ ಕಮ್ಮಿಯಾಗ್ತದೆ, ಅಳಬ್ಯಾಡ, ಈರುಳ್ಳಿ ಎಚ್ಚು, ಕಣ್ಣೀರು ದಂಡವಾಗೋದು ಬ್ಯಾಡ" ಅಂದೆ. ಹೆಚ್ಚಿದಳು, ಅಳುತ್ತಲೇ.

ಭಾನುವಾರ ಮನೆಯ ಮುಂದೆ ಟಾರ್ಪಾಲು ಕಟ್ಟಿದೆವು. ಮುದ್ದೆ, ಸಾರು, ಅನ್ನ, ಹುರಿದ ಮಾಂಸ. ಮುನಿಯಪ್ಪ ಟಗರನ್ನು ತಂದು ಕಸಾಯಿಯವನ ಕೈಗೆ ಹಗ್ಗ ಕೊಟ್ಟು, ಎರಡು ಬೀದಿಯಾಚೆ ಹೋಗಿ ಬೆನ್ನು ತಿರುಗಿಸಿ ನಿಂತ. ಊಟದ ಹೊತ್ತಿಗೆ ಬಂದ. ಮೊದಲು ಸಾರು ಮಾತ್ರ ಹಾಕಿಸಿಕೊಂಡ. ಎರಡನೇ ಸಲ ತುಂಡನ್ನೂ ಹಾಕಿಸಿಕೊಂಡ.

ಜನ ಮೊದಮೊದಲು ಹೆದರಿಕೊಂಡೇ ಕೂತರು. ತಿಥಿ ಮನೆಯಲ್ಲಿ ನಗಬಾರದು. ಆದರೆ ತಿಥಿಯವಳು ಎದುರಿಗೆ ಸೌಟು ಹಿಡಿದು, "ಇನ್ನೊಂದು ತುಂಡು ಆಕ್ಸ್ಕೋ, ಆಮೇಲೆ ನಲ್ಲಿ ಅತ್ರ ಮಾತಾಡ್ಬ್ಯಾಡ" ಅಂದರೆ ಏನು ಮಾಡುತ್ತಾರೆ? ಒಬ್ಬರು ನಕ್ಕರು, ಆಮೇಲೆ ಸಾಲೆಲ್ಲ ನಕ್ಕಿತು. ಸರಸು ಅಭ್ಯಾಸಬಲದಿಂದ ಎಡೆಗೆ ಅಂತ ಒಂದು ಎಲೆ ತೆಗೆದು, ಈಲಿ ಹುರಿದದ್ದು ಬಡಿಸಿ, ಎಲ್ಲಿ ಇಡುವುದು ಅಂತ ಗೊತ್ತಾಗದೆ ನಿಂತಿದ್ದಳು.

"ಇಲ್ಲಿ ಕೊಡೇ" ಅಂದೆ. ಹೊಸಿಲ ಮೇಲೆ ಕೂತು ನನ್ನ ತಿಥಿಯ ಎಡೆ ನಾನೇ ತಿಂದೆ. ಉಪ್ಪು ಒಂದು ಚಿಟಿಕೆ ಕಡಿಮೆಯಿತ್ತು. ಹೇಳಿದೆ. ಉಳಿದ ಸತ್ತವರಿಗೆಲ್ಲ ಆ ಸೌಕರ್ಯವಿಲ್ಲ.

ಕೊನೆಯ ಪಂಕ್ತಿ ಎದ್ದಿತು. ಕೊನೆಯವರ ಎಲೆಯಲ್ಲೂ ತುಂಡು ಬಿದ್ದಿತ್ತು, ನಾನೇ ನಿಂತು ನೋಡಿದ್ದೆ. ಆಗ ಒಂದು ವಿಚಿತ್ರ ಶುರುವಾಯಿತು. ಕೈ ತೊಳೆದವರೆಲ್ಲ ನನ್ನ ಮುಖ ನೋಡದೆ, ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ಸುಮ್ಮನೆ ಬೀದಿಗೆ ಇಳಿಯತೊಡಗಿದರು. ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸಾವಿನ ಮನೆಯಿಂದ ಹೊರಡುವಾಗ 'ಬರ್ತೀನಿ' ಅನ್ನಬಾರದು. ಹೇಳದೆ ಹೋಗಬೇಕು. ಮಾಂಸ ತಿನ್ನುವಾಗ ನಕ್ಕಿದ್ದರು, ಆದರೆ ಹೊಸಿಲು ದಾಟುವಾಗ ಕಾಲಿಗೆ ಅಭ್ಯಾಸ ನೆನಪಾಗಿತ್ತು. ಕನ್ನಿಯಮ್ಮ ಕೂಡ, ದಿನಕ್ಕೆ ಹತ್ತು ಸಲ ಬರುವವಳು, ಸೆರಗು ಹೊದ್ದುಕೊಂಡು ಕಳ್ಳಿಯ ಹಾಗೆ ನಡೆಯುತ್ತಿದ್ದಳು.

"ಏ ಕನ್ನಿಯಮ್ಮಾ! ನಿಂತ್ಕೋ! ಯಾರು ಸತ್ತವ್ರೆ ಅಂತ ಏಳ್ದೆ ಓಗ್ತಾ ಇದೀಯ?"

ಅವಳು ನಿಂತಳು. ಅವಳ ಹಿಂದೆ ಬೀದಿಯೆಲ್ಲ ನಿಂತಿತು.

"ಎಲ್ರೂ ವಾಪಸ್ ಬನ್ನಿ. ಬಾಗ್ಲಿಗೆ ಬಂದು, ನನ್ನ ಮುಖ ನೋಡಿ, ಬತ್ತೀನಿ ಅಂತ ಏಳಿ. ಆಮೇಲೆ ಓಗಿ."

ಬಂದರು. ಸಾಲಾಗಿ ಬಂದರು, ನಾಚಿಕೊಂಡು, ಒಬ್ಬರನ್ನೊಬ್ಬರು ತಿವಿಯುತ್ತ. "ಬತ್ತೀನಿ ಅಜ್ಜೀ." "ಬತ್ತೀನಮ್ಮಾ." ಮುನಿಯಪ್ಪನೂ ಸಾಲಿನಲ್ಲಿದ್ದ. ಅವನು ಎಲ್ಲಿಗೂ ಹೊರಟಿರಲಿಲ್ಲ, ಆದರೂ ಬಂದು, "ಬತ್ತೀನಕ್ಕಾ" ಅಂದ. ಎಲ್ಲರಿಗಿಂತ ಕೊನೆಗೆ ಕನ್ನಿಯಮ್ಮ ಬಂದಳು.

"ಬರ್ತೀನಿ ನಾರಾಯಣಮ್ಮಾ."

"ಯಾವಾಗ ಬತ್ತೀಯ?"

ಅವಳು ಒಳಗೆ ಬಗ್ಗಿ ನೋಡಿದಳು. ಭವಾನಿ ಹೊಸ ಡಬ್ಬ ಹಾಕಿದ್ದಳು, ಟಿ.ವಿ.ಯೊಳಗೆ ಮಳೆ ಬರುತ್ತಿತ್ತು.

"ನಾಳೆ ಬರ್ತೀನಿ" ಅಂದಳು. "ಎರಡನೇ ರಿಮೋಟು ನಂಗೆ ಎತ್ತಿಡು. ನಿನ್ನ ತಮ್ಮನಿಗೆ ಕೊಡಬೇಡ."